ತೂತಿಲ್ಲದ ಫೋನು

ಆಸ್ಪತ್ರೆಯ ಯಾವ ಮೂಲೆಯ ಫೋನಿನಲ್ಲಿ ಸೊನ್ನೆ ಒತ್ತಿದರೂ ಅವಳ ದನಿಯೇ ಬರುತ್ತಿತ್ತು. ಹಾಗಾಗಿ ಅವಳು ಮೊದಲು ಸೊನ್ನೆ ಅಕ್ಕ ಆದಳು, ಆಮೇಲೆ ನಾಲಿಗೆಗಳಲ್ಲಿ ಸವೆದು ಸವೆದು ಸೊನ್ನಕ್ಕ ಆದಳು. ಹೊಸದಾಗಿ ಸೇರಿದ ನರ್ಸುಗಳು ಅದೇ ಅವಳ ನಿಜವಾದ ಹೆಸರೆಂದು ತಿಳಿದು ಹಾಜರಿ ಪುಸ್ತಕದಲ್ಲಿ ಹುಡುಕಿದ್ದೂ ಉಂಟು. ಅವಳಿಗೆ ಅದರಿಂದ ಬೇಸರವಿರಲಿಲ್ಲ. "ಇರಲಿ ಬಿಡಿ, ಏನೂ ಇಲ್ಲದ ಕಡೆ ಕಳ್ಳ ಬರಲ್ಲ," ಎಂದು ನಗುತ್ತಿದ್ದಳು. ಆಗ ಅವಳಿಗೆ ನಲವತ್ತೊಂದು ವರ್ಷ. ಹುಟ್ಟಿನಿಂದ ಕಣ್ಣು ಕಾಣದು. ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಸೇರಿ ಹದಿನೇಳು ವರ್ಷ.

ಅವಳ ಕೋಣೆ ದೊಡ್ಡ ಮೆಟ್ಟಿಲಿನ ಕೆಳಗೆ, ಒಂದು ಕಡೆ ತಲೆ ತಗ್ಗಿಸಿಯೇ ನಡೆಯಬೇಕಾದ ಓರೆ ಚಾವಣಿಯದು. ಒಂದು ಮೇಜು, ಅದರ ಮೇಲೆ ಬೋರ್ಡು, ಎರಡು ಕುರ್ಚಿ, ಗೋಡೆಗೆ ಒಂದು ಫ್ಯಾನು. ಎರಡನೆಯ ಕುರ್ಚಿಯಲ್ಲಿ ಹಿರಿಯ ಆಪರೇಟರ್. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಹಲ್ಲುನೋವನ್ನೂ ಹಾಸ್ಯವನ್ನೂ ಒಂದೇ ಬಾಯಲ್ಲಿ ಇಟ್ಟುಕೊಂಡಿದ್ದ ಮನುಷ್ಯ. ಬೋರ್ಡಿನ ಹೆಡ್‌ಸೆಟ್ಟು ಒಂದೇ ಕಿವಿಯದು. ಸೊನ್ನಕ್ಕ ಅದನ್ನು ಬಲಗಿವಿಗೆ ಹಾಕುತ್ತಿದ್ದಳು. ಎಡಗಿವಿಗೆ ಅವಳ ಸ್ವಂತ ಫೋನಿನ ವೈರು. ಕಾಲರ್ ಒಳಗಿಂದ ಬಂದು ಕೂದಲ ಹಿಂದೆ ಅಡಗಿ ಕಿವಿ ಸೇರುತ್ತಿದ್ದ ಆ ತೆಳ್ಳನೆ ವೈರಿನಲ್ಲಿ ಫೋನು ಅವಳಿಗೆ ಎಲ್ಲವನ್ನೂ ಓದಿ ಹೇಳುತ್ತಿತ್ತು: ಗಂಟೆ ಎಷ್ಟು, ಯಾರ ಸಂದೇಶ, ಬೆರಳ ಕೆಳಗೆ ಯಾವ ಅಕ್ಷರ. "ಬಲಗಿವಿ ಸಂಬಳಕ್ಕೆ, ಎಡಗಿವಿ ನನಗೆ," ಎನ್ನುವುದು ಅವಳ ಮಾತು.

ಆ ಕೆಲಸಕ್ಕೆ ಅವಳದೇ ಒಂದು ನೇಮವಿತ್ತು. ಕರೆ ಬಂತೇ, ಕೊಡಬೇಕಾದವರಿಗೆ ಕೊಡು, ಕೈ ತೆಗೆ. ವೈದ್ಯರ ಜಗಳ, ಸಾವಿನ ಸುದ್ದಿ, ಮದುವೆ ಮುರಿದವರ ಅಳು ಎಲ್ಲವೂ ಅವಳ ಬೆರಳ ಕೆಳಗೇ ಹಾದುಹೋಗುತ್ತಿದ್ದವು. ಒಂದು ಮಾತನ್ನೂ ಅವಳು ನಿಂತು ಕೇಳಿದವಳಲ್ಲ, ಒಂದು ಕರೆಯನ್ನೂ ಬೇಕೆಂದು ಕತ್ತರಿಸಿದವಳಲ್ಲ. ಬೆಳಗ್ಗೆ ಬೋರ್ಡಿನ ಮುಂದೆ ಕೂತಾಗ ಎರಡು ಕ್ಷಣ ಕೈಮುಗಿದು ಅವಳು ದೇವರಲ್ಲಿ ಕೇಳುತ್ತಿದ್ದುದೂ ಅಷ್ಟೆ: ನನ್ನ ಕೈಯಿಂದ ಯಾರ ಮಾತೂ ದಾರಿ ತಪ್ಪದಿರಲಿ. ಆಮೇಲೆ ಅವಳ ದನಿಯೇ ಬದಲಾಗುತ್ತಿತ್ತು. ಮನೆಯಲ್ಲಿ ಅವಳದು ತಗ್ಗಿದ ದನಿ, ವಾಕ್ಯದ ಕೊನೆಯನ್ನು ನುಂಗುವ ಮಾತು. ಬೋರ್ಡಿನ ಮುಂದೆ ಅದೇ ಗಂಟಲಿನಿಂದ ಇಸ್ತ್ರಿ ಹಾಕಿದ ಬಟ್ಟೆಯಂಥ ನೆಟ್ಟಗಿನ ದನಿ ಹೊರಡುತ್ತಿತ್ತು. "ನಿಮ್ಮನ್ನ ನೋಡದೆ ಬರೀ ಫೋನಲ್ಲಿ ಕೇಳಿದವರು ನೀವು ಆರಡಿ ಎತ್ತರ ಅಂದ್ಕೋತಾರೆ," ಎಂದು ಹಿರಿಯ ಆಪರೇಟರ್ ಚೇಷ್ಟೆ ಮಾಡುತ್ತಿದ್ದ.

ಆ ಎಡಗಿವಿ ಅವಳಿಗೆ ಏಕೆ ಅಷ್ಟು ದೊಡ್ಡದು ಎಂಬುದನ್ನು ಹೇಳದಿದ್ದರೆ ಮುಂದಿನದು ತಿಳಿಯದು. ಇಪ್ಪತ್ತೊಂಬತ್ತು ವರ್ಷದವರೆಗೆ ಅವಳಿಗೆ ಬಂದ ಒಂದೊಂದು ಕಾಗದವನ್ನೂ ಬೇರೆಯವರೇ ಓದಿ ಹೇಳಿದ್ದರು. ಪರೀಕ್ಷೆಯ ಫಲಿತಾಂಶವನ್ನು ಅಣ್ಣ ನೆಂಟರೆಲ್ಲ ಕೂತಿದ್ದಾಗ ಓದಿದ. ಹಾಸ್ಟೆಲಿನ ಗೆಳತಿ ಬರೆದ ಪತ್ರವನ್ನು ಅತ್ತಿಗೆ ಓದಿದಳು. ಒಂದು ಸಾಲು ಪತ್ರದ್ದು, ಎರಡು ಸಾಲು ತನ್ನದು. "ನಿನ್ನನ್ನು ನೆನೆಸಿಕೊಂಡು ಅಳು ಬರುತ್ತೆ ಅಂತ ಬರೆದಿದಾಳೆ. ಅದೇನಮ್ಮಾ ಇವರದು, ಗಂಡ ಹೆಂಡತಿ ಥರ." ಕೇಳುತ್ತಿದ್ದವರೆಲ್ಲ ನಕ್ಕರು. ತನ್ನ ಹೆಸರಿಗೆ ಬಂದದ್ದು ತನ್ನ ಕಿವಿಗೆ ಎಲ್ಲರಿಗಿಂತ ಕೊನೆಗೆ ತಲುಪುತ್ತಿದ್ದ ಕಾಲ ಅದು. ಓದಿ ಹೇಳುವ ಫೋನು ಬಂದ ದಿನ ಅವಳು ವೈರು ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕೂತು ಮೊದಲ ಸಂದೇಶವನ್ನು ತಾನೇ ಓದಿಕೊಂಡಳು. ಎಣ್ಣೆ ಕಂಪನಿಯ ಜಾಹೀರಾತು. ಸುತ್ತ ಐವತ್ತು ಜನ; ಒಬ್ಬರಿಗೂ ಗೊತ್ತಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿತ್ತು, ಅದನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ಹನ್ನೊಂದು ವರ್ಷ ಹಾಗೆ ನಡೆಯಿತು. ನಂತರ ಅಣ್ಣನಿಗೆ ತಂಗಿಯ ಮೇಲೆ ಪ್ರೀತಿ ಉಕ್ಕಿತು.

ಅಣ್ಣ ಔಷಧಿ ಸಾಗಿಸುವ ವ್ಯಾನಿನ ಚಾಲಕ. ಕೆಟ್ಟವನಲ್ಲ. ಇನ್ನೊಬ್ಬರಿಗೆ ಏನು ಬೇಕೆಂದು ಅವರಿಗಿಂತ ಮೊದಲು ತನಗೇ ಗೊತ್ತು ಎಂದು ನಂಬಿದ್ದವನು. ಒಂದು ಭಾನುವಾರ ಸೊನ್ನಕ್ಕ ಅಮ್ಮನಿಗೆ ಸ್ನಾನ ಮಾಡಿಸಿ ಹೊರಗೆ ಬರುವಷ್ಟರಲ್ಲಿ ಅವಳ ಫೋನು ಕಪಾಟಿನ ಮೇಲಿರಲಿಲ್ಲ. ಸಂಜೆ ಅಣ್ಣ ಡಬ್ಬಿಯೊಂದನ್ನು ಅವಳ ಕೈಗಿಟ್ಟ.

"ಹಳೇದು ಕೊಟ್ಟು ಹೊಸದು ತಂದೆ ಪುಟ್ಟಿ. ನಿನ್ನ ನಂಬರು, ನಿನ್ನ ಮಾತಾಡೋ ದೆವ್ವ, ಎಲ್ಲ ಇದರೊಳಗೆ ಹಾಕಿಸಿದೀನಿ. ಎಷ್ಟು ತೆಳ್ಳಗಿದೆ ನೋಡು."

ಅವಳು ಅದರ ನಾಲ್ಕೂ ಅಂಚಿನ ಮೇಲೆ ಉಗುರು ಆಡಿಸಿದಳು. ಇನ್ನೊಂದು ಸುತ್ತು ಆಡಿಸಿದಳು. "ವೈರಿನ ತೂತು ಎಲ್ಲಿ ಅಣ್ಣ?"

"ಈಗಿನ ಫೋನಲ್ಲಿ ಅದಿರಲ್ಲ. ವೈರೆಲ್ಲ ಹಳೇ ಕಾಲದ್ದು. ಇದಕ್ಕೆ ಕಿವಿಗೆ ಗುಂಡಿ ಥರ ಸಿಕ್ಕಿಸೋದು ಕೊಟ್ಟಿದಾರೆ."

ಗುಂಡಿಗಳನ್ನು ಅವಳು ಮನಸ್ಸಿಟ್ಟು ಕಲಿತಳು. ಆದರೆ ಬೆರಳು ಅಕ್ಷರದ ಮೇಲೆ ಬಿದ್ದ ಮೇಲೆ ದನಿ ಒಂದು ಗುಟುಕು ತಡವಾಗಿ ಬರುತ್ತಿತ್ತು. ಅಷ್ಟರಲ್ಲಿ ಬೆರಳು ಮುಂದಿನ ಅಕ್ಷರಕ್ಕೆ ಹೋಗಿರುತ್ತಿತ್ತು. ಕಣ್ಣಿದ್ದವರಿಗೆ ಅದು ಲೆಕ್ಕಕ್ಕಿಲ್ಲ. ಅವಳಿಗೆ, ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲೂ ಕಾಲಿಟ್ಟ ಮೇಲೆ ಬಂದ ಹಾಗೆ. ವೈರು ಜಾರಿದರೆ ಎಳೆದುಕೊಳ್ಳಬಹುದಿತ್ತು. ಗುಂಡಿ ಜಾರಿದರೆ ನೆಲದ ಮೇಲೆಲ್ಲ ಅಂಗೈ ಸವರಬೇಕು. ಮೂರನೆಯ ವಾರ ಅಮ್ಮನ ಬೆನ್ನು ಉಜ್ಜುವಾಗ ಎಡಗಿವಿಯದು ಜಾರಿ ಬಚ್ಚಲಿನ ಕೊಳವೆಗೆ ಹೋಯಿತು; ಉಳಿದ ಒಂಟಿ ಗುಂಡಿ ಆಮೇಲೆ ಫೋನಿಗೆ ಸೇರಲೇ ಇಲ್ಲ.

ಅವಳು ಫೋನಿನ ಅಂಗಡಿಗೆ ಹೋದಳು.

"ಹಳೇದು ಹೋಯ್ತಕ್ಕ, ಅವತ್ತೇ ಯಾರೋ ತಗೊಂಡ್ರು," ಎಂದ ಅಂಗಡಿಯವನು. "ತೂತಿರೋದು ಬೇಕು ಅಂದ್ರೆ ಇದಕ್ಕಿಂತ ಕಳಪೆ ಫೋನು ತಗೋಬೇಕು, ಅದು ನಿಮಗೆ ಓದಿ ಹೇಳೋಕೆ ಏದುಸಿರು ಬಿಡುತ್ತೆ."

"ಇರೋ ತೂತು ಮುಚ್ಚಿ ಯಾರಿಗೇನು ಸಿಕ್ತು?"

"ನೀರು ಒಳಗೆ ಹೋಗಲ್ಲ ಅಂತಾರೆ."

"ನಾನೇನು ಬಾವಿಯೊಳಗೆ ನಿಂತು ಮಾತಾಡ್ತೀನಾ?"

ಅವನು ನಕ್ಕು ಬೆರಳುದ್ದದ ಬಾಲವೊಂದನ್ನು ಕೊಟ್ಟ. ಒಂದು ತುದಿಯನ್ನು ಫೋನಿನ ಚಾರ್ಜಿನ ತೂತಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಅವಳ ಹಳೆಯ ವೈರನ್ನು ಸೇರಿಸಬಹುದು. ತಿಂಗಳಿಗೊಂದು ಬಾಲ ಕತ್ತಿನ ಹತ್ತಿರ ಮುರಿಯುತ್ತಿತ್ತು. ಅವಳು ಇನ್ನೊಂದು ತರುತ್ತಿದ್ದಳು. ಕಷ್ಟ ಅದಲ್ಲ. ಕಿವಿಗೂ ಕರೆಂಟಿಗೂ ಈಗ ಒಂದೇ ತೂತು. ಚಾರ್ಜಿಗೆ ಹಾಕಿದರೆ ವೈರಿಗೆ ಜಾಗವಿಲ್ಲ. ದಿನವಿಡೀ ಮಾತಾಡುವ ಫೋನು ಸಂಜೆಗೆ ಸುಸ್ತಾಗಿರುತ್ತಿತ್ತು. ಆಸ್ಪತ್ರೆಯಲ್ಲಿ ಬೋರ್ಡಿನ ಪ್ಲಗ್ಗಿಗೆ ಬೇರೆ ಏನನ್ನೂ ಹಾಕಕೂಡದು ಎಂದು ನಿಯಮ. ಮನೆಯಲ್ಲಿ ಅವಳೂ ಅಮ್ಮನೂ ಮಲಗುವ ಕೋಣೆಯಲ್ಲಿದ್ದ ಪ್ಲಗ್ಗು ಒಂದೇ, ಅದು ಅಮ್ಮನ ಮಂಚದ ತಲೆಯ ಬಳಿ. ಹೀಗಾಗಿ ಸಂಜೆ ಆರರಿಂದ, ಅವಳಿಗೆ ಅವಳದೆಂಬ ಹೊತ್ತು ಶುರುವಾಗುವಾಗ, ಫೋನು ಅಮ್ಮನ ತಲೆದಿಂಬಿನ ಪಕ್ಕದಲ್ಲಿ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿತ್ತು.

ಮೊದಲ ದಿನವೇ ಅತ್ತಿಗೆ ಅಡುಗೆಮನೆಯಿಂದ ಕೂಗಿದಳು. "ಯಾರೋ ಡಾಕ್ಟರಮ್ಮ ನಿಂಗೆ ಥ್ಯಾಂಕ್ಸ್ ಹೇಳಿದಾಳಲ್ಲ, ಏನು ಮಾಡ್ಕೊಟ್ಟೆ?"

"ಏನಿಲ್ಲ ಅತ್ತಿಗೆ."

"ಏನಿಲ್ದೆ ಥ್ಯಾಂಕ್ಸ್ ಯಾಕೆ ಹೇಳ್ತಾರೆ? ಹೇಳಮ್ಮಾ, ಮನೆಯವರ ಹತ್ರ ಎಂಥ ಗುಟ್ಟು?"

ಕಾಗದಗಳನ್ನು ಬೇರೆಯವರು ಓದುತ್ತಿದ್ದ ಕಾಲ ವಾಪಸು ಬಂತೆಂದು ಸೊನ್ನಕ್ಕನಿಗೆ ಅನ್ನಿಸಿತು. ಆದರೆ ಅವಳ ಕೈಯಲ್ಲಿ ಒಂದು ಉಪಾಯವಿತ್ತು. ಓದುವ ದನಿಯ ವೇಗ ಹೆಚ್ಚಿಸಬಹುದು. ವರ್ಷಗಟ್ಟಲೆ ಕೇಳಿ ಪಳಗಿದ ಕಿವಿ ಅವಳದು. ಸಾಧಾರಣ ಮಾತಿನ ಮೂರರಷ್ಟು ವೇಗವೂ ಅವಳಿಗೆ ಸಲೀಸು. ಅವಳು ಅದನ್ನು ಇನ್ನೂ ಏರಿಸಿದಳು. ಈಗ ಫೋನಿನಿಂದ ಹೊರಡುತ್ತಿದ್ದುದು ಮಾತಲ್ಲ, ಡಬ್ಬಿಯೊಳಗೆ ಸಿಕ್ಕಿಕೊಂಡ ಜೀರುಂಡೆಯ ಸದ್ದು. ಅಣ್ಣ ಒಂದು ದಿನ ಕಿವಿಯಿಟ್ಟು ಕೇಳಿ ಕೈಬಿಟ್ಟ. ಅತ್ತಿಗೆ, "ಅದನ್ನ ಕೇಳ್ತಾ ಕೇಳ್ತಾ ನನ್ನ ತಲೆ ಚಿಟ್ಟು ಹಿಡೀತು," ಎಂದು ಬಾಗಿಲು ಎಳೆದುಕೊಂಡಳು. ಬಾಗಿಲು ಮುಚ್ಚಿದ್ದು ಸೊನ್ನಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಕೋಣೆಯಲ್ಲಿ ಉಳಿದವಳು ಅಮ್ಮ ಒಬ್ಬಳೇ. ಮಂಡಿ ಹಿಡಿದು ಮಂಚ ಬಿಟ್ಟೇಳಲಾರದ, ಅಕ್ಷರ ಕಲಿಯದ ಅಮ್ಮ. ಒಗೆದ ಬಟ್ಟೆಗಳನ್ನು ಮಡಿಚುತ್ತಾ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಅವಳಿದ್ದರೆ ಇದ್ದಾಳು.

ಒಂದು ವರ್ಷ ಜೀರುಂಡೆ ಕೂಗಿತು.

ಆ ವರ್ಷದ ಕೊನೆಗೆ ಆಸ್ಪತ್ರೆಯವರು ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ ಹೊಸ ಶಾಖೆ ತೆರೆದರು. ಅಲ್ಲಿನ ಫೋನು ವಿಭಾಗಕ್ಕೆ ಒಬ್ಬ ಮೇಲ್ವಿಚಾರಕಿ ಬೇಕಿತ್ತು, ಉಳಿಯಲು ಕೋಣೆಯೂ ಇತ್ತು. ಸೊನ್ನಕ್ಕ ಮನೆಯಲ್ಲಿ ಬಾಯಿ ಬಿಡದೆ ಅರ್ಜಿ ಹಾಕಿದಳು. ಆಡಳಿತಾಧಿಕಾರಿ ಅವಳನ್ನು ಕರೆಸಿ ಮೂರು ಪ್ರಶ್ನೆ ಕೇಳಿದರು, ಮೂರಕ್ಕೂ ಅವಳು ತಡವರಿಸಲಿಲ್ಲ. ಒಂದು ಸೋಮವಾರ ಸಂಜೆ, ಫೋನು ಚಾರ್ಜಿಗಿದ್ದಾಗ, ಸಂದೇಶ ಬಂತು. ಮಾರನೆಯ ಬೆಳಗಿನವರೆಗೆ ತಡೆಯುವಷ್ಟು ಗಟ್ಟಿ ಮನಸ್ಸು ಯಾರಿಗಿರುತ್ತದೆ? ಅವಳು ಮಂಚದ ತಲೆಗೆ ಬಾಗಿ ಒತ್ತಿದಳು. ಆಯ್ಕೆಯಾಗಿದ್ದೀರಿ. ಒಬ್ಬರಿಗೆ ಒಂದು ಕೋಣೆ, ಕಟ್ಟಡದ ಹಿಂದೆ. ಶುಕ್ರವಾರದೊಳಗೆ ಒಪ್ಪಿಗೆ ಪತ್ರ ತುಂಬಿ ಕೊಡಿ, ಮುಂದಿನ ತಿಂಗಳು ಒಂದರಂದು ಹಾಜರಾಗಿ. ಎರಡು ಉಸಿರಿನಲ್ಲಿ ಮುಗಿದ ಸದ್ದು. ಅವಳು ಮತ್ತೊಂದು ಸಲ ಒತ್ತಿದಳು, ಬರೀ ಸಂತೋಷಕ್ಕೆ.

ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುವ ಯೋಚನೆ ಅವಳಿಗೆ ಬಂದಿತ್ತು. ಬಂದ ದಾರಿಯಲ್ಲೇ ಅದನ್ನು ಕಳಿಸಿಬಿಟ್ಟಿದ್ದಳು. ಎಂಟು ವರ್ಷದಿಂದ ಅಮ್ಮನ ಸ್ನಾನ, ಎಣ್ಣೆ, ಮಾತ್ರೆ, ಶೌಚ ಎಲ್ಲವೂ ಅವಳದೇ. ಕಣ್ಣಿದ್ದ ಅತ್ತಿಗೆಗೆ ಕಾಣದ ಕೆಲಸಗಳು ಕಣ್ಣಿಲ್ಲದ ಅವಳಿಗೆ ಕಾಣುತ್ತಿದ್ದವು. ತನ್ನ ಬಾಗಿಲನ್ನು ತಾನೇ ಒಳಗಿಂದ ಹಾಕಿಕೊಳ್ಳುವ ಒಂದು ಕೋಣೆ ಅವಳಿಗೆ ಬೇಕಿತ್ತು, ಅದರಲ್ಲಿ ಅಮ್ಮ ಇರಬಾರದಿತ್ತು. ಇದನ್ನು ಅವಳು ದೇವರಿಂದ ಮುಚ್ಚಿಡಲಿಲ್ಲ. ಬೋರ್ಡಿನ ಮುಂದೆ ಕೈಮುಗಿದಾಗ, ತಪ್ಪಾದರೆ ತಪ್ಪೆಂದೇ ಬರೆದುಕೋ, ಹೋಗಲು ಮಾತ್ರ ಬಿಡು ಎನ್ನುತ್ತಿದ್ದಳು.

ಮಂಗಳವಾರ ತಲೆ ಬಾಚಿಸಿಕೊಳ್ಳುವಾಗ ಅಮ್ಮ ಕೇಳಿದಳು. "ಪುಟ್ಟಿ, ಒಂದೇ ಕೋಣೆ ಮನೆ ಅಂದ್ರೆ ಅದಕ್ಕೆ ಕಿಟಕಿ ಇರುತ್ತಾ?"

"ಯಾವ ಮನೆಗಮ್ಮ?"

"ಯಾವುದಾದ್ರೂ. ಒಬ್ಬರೇ ಇರೋ ಅಂಥದ್ದು."

"ಇರಬಹುದು," ಎಂದಳು ಸೊನ್ನಕ್ಕ. ಪಕ್ಕದ ಮನೆಯ ಬಾಡಿಗೆಯವರ ಮಾತಿರಬೇಕೆಂದುಕೊಂಡಳು.

ಒಪ್ಪಿಗೆ ಪತ್ರ ಅಚ್ಚಾದ ಹಾಳೆ. ಅದನ್ನು ಕಣ್ಣಿದ್ದವರೇ ತುಂಬಬೇಕು. ತುಂಬಿಕೊಡುತ್ತೇನೆಂದು ಹಿರಿಯ ಆಪರೇಟರ್ ಹೇಳಿದ್ದ, ಆದರೆ ಮಂಗಳವಾರ ಅವನ ದವಡೆ ಬಾತು ಕಣ್ಣೇ ಮುಚ್ಚಿಹೋಗಿತ್ತು. ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಎದ್ದ. "ನಿಮ್ಮ ಊಟದ ಹೊತ್ತು ಇದು, ಗೊತ್ತು. ಆದ್ರೆ ಈ ಹಲ್ಲನ್ನ ಇವತ್ತು ಕೀಳಿಸದಿದ್ರೆ ಅದೇ ನನ್ನ ಕೀಳುತ್ತೆ. ಮೇಲೆ ಹೋಗಿ ಬರ್ತೀನಿ. ಬಂದ ತಕ್ಷಣ ನಿಮ್ಮ ಹಾಳೆ."

"ಹೋಗಿ ಬನ್ನಿ. ಹಲ್ಲು ಕೊಟ್ಟರೆ ತಗೊಂಡು ಬನ್ನಿ, ನೆನಪಿಗೆ ಇಟ್ಕೊಳ್ಳೋಣ."

ಒಂದು ಗಂಟೆಯಿಂದ ಒಂದೂವರೆ ಅವಳು ಊಟದ ಕೋಣೆಯಲ್ಲಿರುವ ಹೊತ್ತು. ಅದು ಮನೆಯವರಿಗೂ ಗೊತ್ತು. ಆ ದಿನ ಅವಳು ಬುತ್ತಿ ಬಿಚ್ಚದೆ ಬೋರ್ಡಿನ ಮುಂದೆಯೇ ಉಳಿದಳು.

ಒಂದೂಹತ್ತಕ್ಕೆ ಹೊರಗಿನ ಕರೆ. "ನಮಸ್ಕಾರ, ಆಸ್ಪತ್ರೆ. ಯಾರು ಬೇಕಾಗಿತ್ತು?"

ಆ ಕಡೆ ಉಸಿರು. ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದವರ ಉಸಿರು. ಆಮೇಲೆ, "ಅಮ್ಮಾ, ಅಲ್ಲಿ ಸಾಹೇಬ್ರು ಇದಾರಾ?"

ಸೊನ್ನಕ್ಕನ ಬೆರಳು ಗುಂಡಿಯ ಮೇಲೆ ನಿಂತಿತು. ಅದು ಅಮ್ಮ. ಅಮ್ಮ ಆಸ್ಪತ್ರೆಗೆ ಎಂದೂ ಫೋನು ಮಾಡಿದವಳಲ್ಲ. ಮಂಡಿ ಕುಸಿದು ಬಿದ್ದಳೇ ಎಂದು ಹೆದರಿದಳು. ಬಾಯಿ ಮಾತ್ರ ಹದಿನೇಳು ವರ್ಷದ ರೂಢಿಯಲ್ಲಿ ತನ್ನ ಪಾಡಿಗೆ ಕೇಳಿತು. "ಯಾವ ಸಾಹೇಬರು ಹೇಳಿ?"

ಪಕ್ಕದಿಂದ ಗಂಡಸಿನ ಪಿಸುಮಾತು, "ಆಡಳಿತ, ಆಡಳಿತ ಅನ್ನು." ಅದು ಅಣ್ಣ.

"ಆಡಳಿತದ ಸಾಹೇಬ್ರಿಗೆ ಕೊಡ್ತೀರಾ ತಾಯಿ? ಒಂದು ವಿಷಯ ಹೇಳಬೇಕು. ನಿಮ್ಮ ಆಫೀಸಲ್ಲಿ ಒಬ್ಬಳು ಕಣ್ಣು ಕಾಣದ ಹುಡುಗಿ ಇದಾಳಲ್ಲ, ಫೋನಿನವಳು, ಅವಳು ನನ್ನ ಮಗಳು. ಊಟಕ್ಕೆ ಹೋಗಿರ್ತಾಳೆ ಈಗ. ನಾನು ಫೋನು ಮಾಡಿದ್ದು ಅವಳ ಕಿವಿಗೆ ಬೀಳೋದು ಬೇಡ. ಇಷ್ಟು ಉಪಕಾರ ಮಾಡಿ."

ಹೆತ್ತ ತಾಯಿ ತನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದಾಳೆ, ತನ್ನಿಂದಲೇ ಗುಟ್ಟು ಕಾಪಾಡಲು ತನ್ನನ್ನೇ ಬೇಡುತ್ತಿದ್ದಾಳೆ. ನಲವತ್ತೊಂದು ವರ್ಷ ಜೊತೆಗಿದ್ದ ಅಮ್ಮನಿಗೆ ಮಗಳ ಈ ದನಿಯ ಪರಿಚಯವೇ ಇಲ್ಲ.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ," ಎಂದಳು ಅಮ್ಮ, ಉತ್ತರ ಬಾರದ್ದಕ್ಕೆ ಹೆದರಿ.

"ದಯವಿಟ್ಟು ಲೈನಿನಲ್ಲಿರಿ."

ಅವಳು ಕರೆಯನ್ನು ತಡೆದಿಟ್ಟಳು. ಆ ಕಡೆ ಅಮ್ಮನಿಗೆ ಆಸ್ಪತ್ರೆಯ ಕಾಯುವ ಸಂಗೀತ ಕೇಳುತ್ತಿತ್ತು. ಈ ಕಡೆ ಅವಳಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು: ಕಿಟಕಿಯ ಪ್ರಶ್ನೆ, ಗೋಡೆಗೆ ಒರಗಿ ಕೂತ ಸಂಜೆಗಳು, ಒಂದು ವರ್ಷದ ಜೀರುಂಡೆ. ಯಾರಿಗೂ ತಿಳಿಯದೆಂದು ನಂಬಿದ ವೇಗವನ್ನು ಅಮ್ಮನ ಕಿವಿ ಹಿಡಿದಿತ್ತು.

ಸಾಹೇಬರು ಊರಲ್ಲಿಲ್ಲ ಎನ್ನಬಹುದಿತ್ತು. ಸೋಮವಾರ ಮಾಡಿ ಎನ್ನಬಹುದಿತ್ತು. ಶುಕ್ರವಾರ ದಾಟಿಬಿಟ್ಟರೆ ಸಾಕು. ಒಂದು ಗುಂಡಿ ಒತ್ತಿದರೆ ಲೈನು ಕತ್ತರಿಸಿ ಹೋಗುತ್ತಿತ್ತು; ಅಮ್ಮನಿಗೆ ಮತ್ತೊಮ್ಮೆ ಧೈರ್ಯ ಬರುತ್ತಿತ್ತೋ ಇಲ್ಲವೋ. ಅವಳ ಕೈ ಆ ಗುಂಡಿಯವರೆಗೆ ಹೋಗಿದ್ದು ನಿಜ. ಅಲ್ಲಿಂದ ಕೈಯನ್ನು ಹಿಂದಕ್ಕೆ ತಂದದ್ದು ಒಳ್ಳೆಯತನವೆಂದು ಅವಳು ಆಮೇಲೂ ಹೇಳಿಕೊಳ್ಳಲಿಲ್ಲ. ಸೊಕ್ಕು ಎಂದೇ ಹೇಳುತ್ತಿದ್ದಳು. ಇಡೀ ಬದುಕಿನಲ್ಲಿ ಯಾರಿಂದಲೂ ಎರವಲು ತರದ ಒಂದೇ ವಸ್ತು ಅವಳಲ್ಲಿತ್ತು, ಆ ನೇಮ. ಅಮ್ಮನಿಗೋಸ್ಕರ ಅದನ್ನೂ ಬಿಡುವುದೇ?

ಕೊಟ್ಟಳು. ಕೈ ತೆಗೆದಳು. ಕರೆ ಮುಗಿದದ್ದನ್ನು ಬೋರ್ಡು ಕುಯ್ಯೆಂದು ಹೇಳುವವರೆಗೆ ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ಅವಳು ಬೇರೆ ಕರೆಗಳನ್ನು ತೆಗೆದುಕೊಂಡಳು. ಒಬ್ಬರಿಗೆ ಎಕ್ಸ್-ರೇ, ಒಬ್ಬರಿಗೆ ರಕ್ತನಿಧಿ.

ಎರಡು ಗಂಟೆಗೆ ಆಡಳಿತಾಧಿಕಾರಿ ಕರೆಸಿದರು. ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡುವುದು ಅವರ ಅಭ್ಯಾಸ. ಆ ಟಕ್ ಟಕ್ ಬಾಗಿಲಲ್ಲೇ ಅವಳಿಗೆ ಕೇಳಿಸಿತು.

"ಕೂತ್ಕೊಳ್ಳಿ. ಹೊಸ ಶಾಖೆ ವಿಷಯ ಸ್ವಲ್ಪ ಯೋಚನೆ ಮಾಡಿದೆ. ಹೊಸ ಊರು, ಒಂಟಿ ಇರಬೇಕು. ನಿಮಗೆ ಕಷ್ಟ ಆಗುತ್ತೆ ಅನ್ನಿಸ್ತಿದೆ."

"ಸೋಮವಾರ ಅನ್ನಿಸಿರಲಿಲ್ಲವಾ ಸರ್?"

"ಹಾಗಲ್ಲಮ್ಮ. ಮನೆಯವರ ಒಪ್ಪಿಗೆ ಇಲ್ಲದೆ ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನಾನು ಉತ್ತರ ಕೊಡಬೇಕು."

"ನನಗೆ ನಲವತ್ತೊಂದು ವರ್ಷ. ಒಪ್ಪಿಗೆ ಪತ್ರದಲ್ಲಿ ಅಮ್ಮನ ಸಹಿಗೆ ಜಾಗ ಇದೆಯಾ ಸರ್?"

ಟಕ್ ಟಕ್ ನಿಂತಿತು. "ನಿಮ್ಮ ತಾಯಿ ಅಂತ ನಿಮಗೆ ಯಾರು ಹೇಳಿದ್ರು?"

"ನಾನೇ ಅಲ್ವಾ ನಿಮಗೆ ಲೈನು ಕೊಟ್ಟಿದ್ದು."

ಅವರು ಪೆನ್ನನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ನಂತರದ ದನಿಯಲ್ಲಿ ನಾಚಿಕೆಯಿತ್ತು, ಆದರೆ ತೀರ್ಮಾನ ಬದಲಾಗುವಷ್ಟಲ್ಲ. "ತುಂಬ ಅತ್ತುಬಿಟ್ರು ಅವರು. ನನಗೂ ತಾಯಿ ಇದಾರೆ. ಇನ್ನೊಬ್ಬರ ಹೆಸರು ಕಳಿಸಿ ಆಯ್ತು. ತಪ್ಪು ತಿಳ್ಕೋಬೇಡಿ."

"ಕಣ್ಣಿರೋರು ಯಾರಾದ್ರೂ ಆಯ್ಕೆ ಆಗಿದ್ರೆ, ಅವರಮ್ಮ ಫೋನು ಮಾಡಿ ಅತ್ತಿದ್ರೆ, ಆಗ್ಲೂ ಹೀಗೇ ಮಾಡ್ತಿದ್ರಾ?"

"ಅದು ಬೇರೆ," ಎಂದರು ಅವರು.

ಕೆಳಗೆ ಬಂದರೆ ಹಿರಿಯ ಆಪರೇಟರ್ ಬಾಯ್ತುಂಬ ಹತ್ತಿ ಇಟ್ಟುಕೊಂಡು, ಪೆನ್ನು ತೆಗೆದು ಕೂತಿದ್ದ. ಹತ್ತಿಯ ನಡುವೆಯೇ "ಹಾಳೆ ಕೊಡಿ" ಎಂದ. ಅವಳು ಕೊಡಲಿಲ್ಲ. ಸಂಗತಿ ತಿಳಿದ ಮೇಲೆ ಅವನು, ತನ್ನ ಹಲ್ಲು ಮಂಗಳವಾರವೇ ಬಿದ್ದು ಹೋಗಿದ್ದರೆ ಎಂದು ಮೂರು ಸಲ ಅಂದ.

ಮನೆಯಲ್ಲಿ ಆ ಸಂಜೆ ಎಲ್ಲರೂ ಬೆಣ್ಣೆಯಂತೆ ಮಾತಾಡಿದರು. ಅಣ್ಣ ತಾನಾಗಿ ಟೀ ತಂದಿಟ್ಟ. ಅತ್ತಿಗೆ, ದಣಿದಿರ್ತೀಯ, ಕೂತ್ಕೋ ಎಂದಳು. ಇಷ್ಟು ವರ್ಷದಲ್ಲಿ ಆ ಮಾತು ಅದೇ ಮೊದಲು. ಸೊನ್ನಕ್ಕ ಅಮ್ಮನನ್ನು ಎಬ್ಬಿಸಿ ಬಚ್ಚಲಿನ ಸ್ಟೂಲಿನ ಮೇಲೆ ಕೂರಿಸಿ, ನೀರು ಬೆರೆಸಲು ಹೊರಳಿದಳು.

"ಪುಟ್ಟಿ, ನೀರು ಬಿಸಿ ಇದೆಯಾ?"

"ದಯವಿಟ್ಟು ಲೈನಿನಲ್ಲಿರಿ," ಎಂದಳು ಸೊನ್ನಕ್ಕ.

ಅದು ಬೋರ್ಡಿನ ದನಿ. ಬೇಕೆಂದೇ ತಂದದ್ದು. ಹಿಂದೆ ಸ್ಟೂಲು ಸಣ್ಣಗೆ ಕಿರುಗುಟ್ಟಿತು. ಅವಳು ತಂಬಿಗೆಯಲ್ಲಿ ನೀರು ತೆಗೆದು, ಬಿಸಿ ನೋಡಿ, ಅಮ್ಮನ ಹೆಗಲಿಗೆ ಹೊಯ್ದಳು.

"ಆ ಫೋನಲ್ಲಿದ್ದಿದ್ದು ನೀನೇನಾ," ಎಂದಳು ಅಮ್ಮ.

"ನಾನೇ. ಎಷ್ಟು ದಿನದಿಂದ ತಿಳೀತಿದೆ ನಿಂಗೆ ನನ್ನ ಫೋನಿನ ಮಾತು?"

"ಮೊದಮೊದಲು ಗಂಟೆ ಮಾತ್ರ ತಿಳೀತಿತ್ತು. ನಾಲ್ಕು ತಿಂಗಳಾದ ಮೇಲೆ ನಿನ್ನ ಹೆಸರು. ಆಮೇಲೆ ಒಂದೊಂದೇ." ಅಮ್ಮನ ದನಿಯಲ್ಲಿ ತಪ್ಪೊಪ್ಪಿಗೆಯ ಜೊತೆ ಒಂದು ಚೂರು ಹೆಮ್ಮೆಯೂ ಇತ್ತು, ಅದನ್ನು ಅಡಗಿಸಲು ಅವಳಿಗೆ ಬರಲಿಲ್ಲ. "ನೀನು ಸಂಜೆ ಬಂದು ನನ್ನ ಹತ್ರ ಏನು ಮಾತಾಡ್ತೀಯ? ಮಾತ್ರೆ ತಗೊಂಡ್ಯಾ, ಕಾಲೆತ್ತು, ಅಷ್ಟೆ. ಅದು ಮಾತಾಡ್ತಿತ್ತು. ನಾನು ಕೇಳಿಸ್ಕೊಂಡೆ."

"ಎಲ್ಲಾನೂ?"

"ಎಲ್ಲಾನೂ. ಒಂದನ್ನೂ ಯಾರಿಗೂ ಹೇಳಿಲ್ಲ, ದೇವರಾಣೆ. ನಿನ್ನ ಗೆಳತಿಗೆ ಬರೆದೆಯಲ್ಲ, ಅಮ್ಮನ ಮೈ ತೊಳೆದು ತೊಳೆದು ನನ್ನ ಕೈಗೆ ಅವಳದೇ ವಾಸನೆ ಹತ್ತಿದೆ, ಯಾವ ಸೋಪಿಗೂ ಹೋಗಲ್ಲ ಅಂತ. ಅದನ್ನೂ ಯಾರಿಗೂ ಹೇಳಿಲ್ಲ. ಇದೊಂದು ಮಾತ್ರ ಹೇಳಿದೆ. ನೀನು ಹೋದ್ರೆ ನಾನು ಯಾರನ್ನ ಕೂಗ್ಲಿ?"

ಸೊನ್ನಕ್ಕನ ಕೈ ಅಮ್ಮನ ಬೆನ್ನಿನ ಮೇಲಿತ್ತು. ಆ ಕೈಯನ್ನು ಅಲ್ಲಿ ಇಡುವುದೋ ತೆಗೆಯುವುದೋ ತಿಳಿಯಲಿಲ್ಲ. ಸೋಪು ಹಚ್ಚಿದಳು. ಉಜ್ಜಿದಳು. ಎಂದಿನಂತೆ ಕಿವಿಯ ಹಿಂದೆ, ಕಂಕುಳು, ಮಂಡಿಯ ಮಡಿಕೆ. ಒರೆಸಿ, ಮಂಚಕ್ಕೆ ತಂದು ಕೂರಿಸಿದಳು.

ತಿಂಗಳ ಒಂದರಂದು ಹೊಸ ಶಾಖೆಗೆ ಬೇರೊಬ್ಬಳು ಹೋದಳು. ಸೊನ್ನಕ್ಕ ಇನ್ನೊಂದು ಊರಿನ ಇನ್ನೊಂದು ಆಸ್ಪತ್ರೆಗೆ ಅರ್ಜಿ ಬರೆದಳು, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು, ಎಡಗಿವಿಗೆ ವೈರು ಸಿಕ್ಕಿಸಿ. ಕೊನೆಗೆ ಒಂದು ಸಾಲು ಹೆಚ್ಚಾಗಿ ಸೇರಿಸಿದಳು: ನನ್ನ ಪರವಾಗಿ ನನ್ನ ಮನೆಯವರು ಯಾರೇ ಫೋನು ಮಾಡಿದರೂ ಅದನ್ನು ನನ್ನ ಮಾತೆಂದು ತಿಳಿಯಬಾರದು. ಇಂಥ ಸಾಲು ಬರೆದವರನ್ನು ಯಾರು ಕೆಲಸಕ್ಕೆ ಕರೆಯುತ್ತಾರೆಂದು ಹಿರಿಯ ಆಪರೇಟರ್ ಕೇಳಿದ. ಅವಳು ಅಳಿಸಲಿಲ್ಲ. ಅಲ್ಲಿಂದ ಉತ್ತರ ಬರಲಿಲ್ಲ. ಮತ್ತೊಂದು ಕಡೆಗೆ ಬರೆದಳು, ಆ ಸಾಲಿನ ಸಮೇತ.

ಸಂಜೆ ಈಗ ಮನೆಯ ಬಾಗಿಲಲ್ಲೇ ಅವಳು ಫೋನಿನ ದನಿ ಆರಿಸಿಬಿಡುತ್ತಾಳೆ. ಫೋನು ಪ್ಲಗ್ಗಿನಲ್ಲಿ ಸುಮ್ಮನೆ ಕರೆಂಟು ಕುಡಿಯುತ್ತಾ ಬಿದ್ದಿರುತ್ತದೆ. ಅತ್ತಿಗೆಗೆ ತಲೆನೋವು ಕಡಿಮೆಯಾಗಿದೆಯಂತೆ. ಅಮ್ಮ ಬಟ್ಟೆ ಮಡಿಚಿ ಮುಗಿಸಿ, ಅವನ್ನೇ ಬಿಚ್ಚಿ ಮತ್ತೆ ಮಡಿಚುತ್ತಾಳೆ.

"ಇವತ್ತು ಏನೂ ಬಂದಿಲ್ವಾ ಪುಟ್ಟಿ?"

"ಇಲ್ಲ."

"ನಿನ್ನ ಗೆಳತಿ ಮಗುಗೆ ಜ್ವರ ಇತ್ತಲ್ಲ, ಬಿಡ್ತಾ?"

ಸೊನ್ನಕ್ಕ ಕೇಳಿಸದವಳಂತೆ ಎದ್ದು ಮಾತ್ರೆಯ ಡಬ್ಬಿ ಹುಡುಕಿದಳು. ಮಗುವಿನ ಜ್ವರ ಬಿಟ್ಟು ಹದಿನೈದು ದಿನವಾಗಿತ್ತು. "ಕಾಲೆತ್ತು," ಎಂದಳು.